ಪರಸೆಯ ಮೂಲ ಹುಡುಕಿ ಹೊರಟಿದ್ದು

ಓದಿದವರಿಗೊಂದು ಕಾಯಿಲೆ ಇದೆ. ಯಾವ ಮಾತು ಕಿವಿಗೆ ಬಿದ್ದರೂ ಅದರ ಬೇರು ಕೆದಕದೆ ಬಿಡುವುದಿಲ್ಲ. ನನಗೆ ಇನ್ನೊಂದೂ ಅಂಟಿಕೊಂಡಿದೆ. ಕೆದಕಿ ತೆಗೆದದ್ದನ್ನು ಎಲ್ಲಾದರೂ ಓದಿದ್ದೆನೋ, ಆಗಷ್ಟೇ ಹುಟ್ಟಿಸಿಕೊಂಡೆನೋ ಎಂಬ ಅನುಮಾನ, ಅದೂ ಹೇಳಿ ಮುಗಿಸಿದ ಮೇಲೆ.

ಶಿವರಾತ್ರಿ ಹತ್ತಿರವಾದರೆ ಕನಕಪುರದ ನಮ್ಮ ಬೀದಿಯಲ್ಲಿ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವ ಪರಸೆಯವರು ಸಾಲುಗಟ್ಟುತ್ತಾರೆ. ಹೆಂಡತಿ ಜಯಮ್ಮ ಅವರಿಗೆ ಮಜ್ಜಿಗೆ ಕೊಡುತ್ತಾಳೆ, ನಾನು ವಿವರಣೆ ಕೊಡುತ್ತೇನೆ. ಮಜ್ಜಿಗೆ ಬೇಗ ಖಾಲಿಯಾಗುತ್ತದೆ. ಈ ಸಲ ಕುದೂರಿನ ಗುಂಪಿನಲ್ಲಿ ಅವಳ ತಮ್ಮ ಪುಟ್ಟಸ್ವಾಮಿಯೂ ಇದ್ದ.

“ಭಾವ, ಪರಸೆ ಅಂದ್ರೆ ಪರಶಿವನ ಮಕ್ಳು ಅಂತ,” ಎಂದ ಲೋಟ ಕೆಳಗಿಟ್ಟು.

“ಅಲ್ಲಪ್ಪ. ಪರಿಷತ್ತಿನಿಂದ ಬಂದದ್ದು. ಸಭೆ ಅಂತ. ಬಾಯಿಂದ ಬಾಯಿಗೆ ಸವೆದು ಪರಿಷೆ, ಪರಸೆ ಆಯಿತು.”

“ನಾವು ಸಭೆಯಂತೆ ಕಣ್ಲಾ! ಮೈಕು ತರ್ಲಿಲ್ವಲ್ಲ,” ಎಂದು ಒಬ್ಬ ಪಕ್ಕದವನನ್ನು ತಿವಿದ.

“ಯಾವ ಪುಸ್ತಕದಲ್ಲೈತೆ ತೋರ್ಸಿ ಭಾವ,” ಎಂದ ಪುಟ್ಟಸ್ವಾಮಿ.

ಅಲ್ಲಿ ನನ್ನ ಹಳೇ ಅನುಮಾನ ಎದ್ದಿತು. ವಿಶ್ವವಿದ್ಯಾಲಯದ ಆ ತರಗತಿ, ಕಿರುಗುಟ್ಟುವ ಫ್ಯಾನು, ಮೇಷ್ಟರ ನಶ್ಯದ ಡಬ್ಬಿ ಎಲ್ಲ ನೆನಪಿದೆ. ಮೇಷ್ಟರು ಹೇಳಿದ್ದು ಇದನ್ನೇ ಹೌದೇ? ಇದೊಂದು ಸುಳ್ಳಾದರೆ, ಹೆಂಡತಿಯ ಮನೆಯವರ ಮುಂದೆ ಇಷ್ಟು ವರ್ಷ ಬಿಡಿಸಿಟ್ಟ ಪದಗಳೆಲ್ಲ ಸುಳ್ಳಾಗುತ್ತವೆ. ಅನುಮಾನ ಬಂದಾಗ ನನ್ನ ದನಿ ಏರುತ್ತದೆ. ಗುಂಪು ಎದ್ದಿತು, ನಾನೂ ಮಾತಾಡುತ್ತಲೇ ಎದ್ದೆ. ಅವರು ಹೊಸ್ತಿಲು ದಾಟಿದರು, ನಾನೂ ದಾಟಿದೆ. ಪುಟ್ಟಸ್ವಾಮಿಗೆ ಸವೆದ ಪದಗಳ ಉದಾಹರಣೆ ಕೊಡುತ್ತಾ ಹೋದವನಿಗೆ ಊರು ಮುಗಿದು ಹಿಪ್ಪುನೇರಳೆ ತೋಟ ಬಂದದ್ದು ತಿಳಿದದ್ದು ಅಂಗಾಲು ಸುಟ್ಟಾಗಲೇ. ಬರಿಗಾಲಲ್ಲಿದ್ದೆ.

“ಒಸಿ ನಿಲ್ಲಿ, ಚಪ್ಪಲಿ ಹಾಕ್ಕೊಂಡು ಬತ್ತೀನಿ,” ಎಂದೆ.

ಬುತ್ತಿಗಂಟು ಹೊತ್ತ ಅಜ್ಜಿಯೊಬ್ಬಳು ತಿರುಗಿಯೂ ನೋಡಲಿಲ್ಲ. “ಪರಸೆ ಜೊತೆ ಹೊಸ್ಲು ದಾಟ್ದೋನು ಹಿಂದಕ್ಕೆ ತಿರುಗ್ಬಾರ್ದು ಕಣಪ್ಪ. ಒಸಿ ಮಾತು ಕಮ್ಮಿ ಮಾಡು, ಉಸ್ರು ಉಳೀತದೆ.”

ಮೂಢನಂಬಿಕೆ ಎಂದುಕೊಂಡೆ. ಅಷ್ಟರಲ್ಲಿ ಜಯಮ್ಮನ ಫೋನು. ಅವಳು ಬಾಯಿ ತೆರೆಯುವ ಮೊದಲೇ ನಿಘಂಟು ತೆಗೆದು ‘ಪರಸೆ’ ನೋಡು ಎಂದು, ಎಲ್ಲರಿಗೂ ಕೇಳಲೆಂದು ಸ್ಪೀಕರಿಗೆ ಹಾಕಿದೆ. ಹಾಳೆ ಮಗುಚುವ ಸದ್ದು ಕೇಳುತ್ತಲೇ ನಡೆದೆ.

“ಪರಿಷತ್ತು ಅಂತಲೇ ಐತೆ. ಗೆದ್ರಲ್ಲ, ಬನ್ನಿ ಮನೆಗೆ. ಮುದ್ದೆ ಆರ್ತಾ ಐತೆ.”

ಪುಟ್ಟಸ್ವಾಮಿ ತನ್ನ ಟವೆಲನ್ನು ನನ್ನ ತಲೆಗೆ ಸುತ್ತಿದ. “ಹಂಗಾರೆ ಸಭೆ ನಡೀಲಿ ಭಾವ.”

ಗೆದ್ದಿದ್ದೆ. ಆದರೂ ಕಾಲು ಮನೆಯ ಕಡೆ ತಿರುಗಲಿಲ್ಲ.

“ಆಗಲ್ಲ ಕಣೆ. ಪರಸೆ ಜೊತೆ ಹೊಸ್ತಿಲು ದಾಟಿದವನು ಹಿಂದಕ್ಕೆ ತಿರುಗಬಾರದು.”

“ಇದನ್ಯಾರು ನಿಮ್ಗೆ ಹೇಳಿದ್ದು?”

ಅಜ್ಜಿ ಪಕ್ಕದಲ್ಲೇ ನಡೆಯುತ್ತಿದ್ದಳು. ದನಿ ತಗ್ಗಿಸಿ, “ಯೂನಿವರ್ಸಿಟಿಯಲ್ಲಿ ಓದಿದ್ದು” ಎಂದೆ.