ಮೂಡ್ಲಕ್ಕ ಮುಖ ಮಾಡಿದ ವಿಮಾನ

ಮನೆಯಲ್ಲಿ ಒಂದು ವಿಮಾನವಿದ್ದರೆ ನಗುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ಅದಿರಿನ ವ್ಯಾಪಾರ ಜೋರಾಗಿದ್ದ ಆ ಕಾಲದಲ್ಲಿ ಊರವರೆಲ್ಲ ಲಾರಿ ಕೊಳ್ಳುತ್ತಿದ್ದರೆ, ಗಣಿಯಲ್ಲಿ ಮೆಕ್ಯಾನಿಕ್ ಆಗಿದ್ದ ನಮ್ಮ ಮನೆಯವರು ಸಂಡೂರು ಕಡೆಯ ವಡ್ಡು ಊರಿನ ಹತ್ತಿರದ ಹೊಲದ ಶೆಡ್ಡಿನಲ್ಲಿ ವಿಮಾನ ಕಟ್ಟುತ್ತಿದ್ದರು. ಒಮ್ಮೆ ಮೇಲಿನಿಂದ ಹಂಪಿಯ ಹೊಳೆ ನೋಡಬೇಕು, ಅಷ್ಟೇ ಅವರ ಆಸೆ. ರೆಕ್ಕೆ ಬಂತು, ಬಾಲ ಬಂತು. ಎಂಜಿನ್ ಮಾತ್ರ ಶುರುವಾದ ಸ್ವಲ್ಪ ಹೊತ್ತಿಗೇ ಕಾದು, ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆ ಮುಟ್ಟುತ್ತಿತ್ತು.

ನೀರು ಎಲ್ಲಿ ಹಾಕಬೇಕು?

ಸದ್ದು ಕೇಳಿ ಲಾರಿ ಡ್ರೈವರೊಬ್ಬ ನೀರಿನ ಕ್ಯಾನು ಹಿಡಿದೇ ಇಳಿದು ಬಂದ.

"ಮುಚ್ಚಳ ತಗೀರಿ ಸಾಹೇಬ್ರ, ನೀರು ಹಾಕೋಣು."

"ಇದಕ್ಕ ನೀರಿಲ್ಲೋ ಮಾರಾಯ. ಗಾಳಿಯಿಂದಾನ ತಂಪಾಗ್ತೈತಿ."

ಡ್ರೈವರ್ ಸುತ್ತ ನೋಡಿದ. ರಸ್ತೆ, ಬೇವಿನ ಎಲೆ, ಅವನದೇ ಮೀಸೆ, ಎಲ್ಲವೂ ಧೂಳಿಗೆ ಕೆಂಪು.

"ಹಂಗಾರ ಬ್ಯಾರೆ ಊರಾಗ ಕಟ್ಟಬೇಕಿತ್ರಿ. ನಮ್ಮಲ್ಲಿ ಗಾಳಿ ಎಲ್ಲೈತಿ? ಇರೋದೆಲ್ಲ ಅದಿರು."

ಹಳೇ ಬ್ರಷ್ಷು

ಆ ಮಾತು ನಂಬಿ ಇಡೀ ಭಾನುವಾರ ನಾನು ಹಳೇ ಹಲ್ಲಿನ ಬ್ರಷ್ಷು ಹಿಡಿದು ಎಂಜಿನ್ನಿನ ಸಂದುಸಂದಿನ ಧೂಳು ಉಜ್ಜಿದೆ. ಸಂಜೆ ಬಿಸಿಲಿಗೆ ಅದು ದೊಡ್ಡ ಮೀನಿನ ಕಿವಿರಿನಂತೆ ಹೊಳೆಯಿತು. ಇನ್ನೇನು ಉಸಿರಾಡುತ್ತದೆ ಅನ್ನಿಸಿ ಸುಮ್ಮನೆ ನೋಡುತ್ತ ಕೂತೆ. ಶುರು ಮಾಡಿದರೆ ಮುಳ್ಳು ಮತ್ತೆ ಕೆಂಪಿಗೇ. ನಮ್ಮ ಮನೆಯವರು ಕೈ ಒರೆಸಿಕೊಂಡರು.

"ಇನ್ನೊಂದು ಸಲ ನೋಡ್ತೀನಿ. ಆಗಲಿಲ್ಲಂದ್ರ ಕಂಪ್ಲಿ ಕಬ್ಬಿನ ಹಾಲಿನಂವ ಗಾಣಕ್ಕ ಎಂಜಿನ್ ಕೇಳ್ಯಾನ, ಕೊಟ್ಟುಬಿಡ್ತೀನಿ."

"ಮತ್ತ ಹಂಪಿ ಹೊಳಿ?"

"ಕಬ್ಬಿನ ಹಾಲು ಕುಡಕೋಂತ ಬಸ್ಸಿನಾಗ ಹೋಗಿ ನೋಡೋಣು."

ಆರತಿ

ಕೊನೆಯ ಪರೀಕ್ಷೆಯ ಬೆಳಿಗ್ಗೆ ಕಬ್ಬಿನ ಹಾಲಿನವನು ಎಂಜಿನ್ ಒಯ್ಯಲು ಹಗ್ಗ, ಗೋಣಿಚೀಲ ತಂದು ನೆರಳಲ್ಲಿ ಕೂತಿದ್ದ. ವಿಮಾನ ಎಂದಿನಂತೆ ಮೂಡಣಕ್ಕೆ ಮುಖ ಮಾಡಿ ನಿಂತಿತ್ತು; ಓಡದಂತೆ ಬಾಲವನ್ನು ಬೇವಿನ ಮರಕ್ಕೆ ಕಟ್ಟಿದ್ದೆವು. "ಮೂಡ್ಲಕ್ಕ ಮುಖ ಮಾಡಿ ನಿಲ್ಲಸ್ರಿ, ಶುಭ" ಎಂದು ಮೊದಲ ದಿನವೇ ನಮ್ಮ ಅತ್ತೆಯ ಅಪ್ಪಣೆಯಾಗಿತ್ತು.

ಅತ್ತೆ ಮೂತಿಯ ಮುಂದೆ ನಿಂತು ಆರತಿ ಹಚ್ಚಿದರು. ಆಷಾಢದ ಪಡುವಣ ಗಾಳಿ ವಿಮಾನದ ಹಿಂದಿನಿಂದ ಬೀಸಿ ದೀಪ ಆರಿತು. ಮತ್ತೆ ಹಚ್ಚಿದರು, ಮತ್ತೆ ಆರಿತು.

"ಏನಪಾ, ಇದರ ಮುಖ ಪಡುವಲಕ್ಕ ತಿರುವು. ಗಾಳಿಗೆ ಬೆನ್ನು ಕೊಟ್ಟು ಬೆಳಗ್ತೀನಿ."

ತಿರುಗಿಸಿ ಬಾಲವನ್ನು ಟ್ರ್ಯಾಕ್ಟರಿಗೆ ಕಟ್ಟಿದೆವು. ಆರತಿ ಆಯಿತು. ಅತ್ತೆ ದೂರ ಸರಿದ ಮೇಲೆ ಎಂಜಿನ್ ಶುರುವಾಯಿತು. ಮುಳ್ಳು ಅರ್ಧಕ್ಕೆ ಏರಿ, ತೂಕಡಿಸುವವರ ಹಾಗೆ ಅಲ್ಲೇ ನಿಂತಿತು. ಕೆಂಪು ಧೂಳು ಬಿಸಿಲಲ್ಲಿ ಮೆಲ್ಲಗೆ ತೇಲಿಹೋಯಿತು. ಸಂಡೂರಿನ ಗುಡ್ಡಗಳು ಒಂದು ಹೆಜ್ಜೆ ಹತ್ತಿರ ಬಂದಂತಿತ್ತು. ಕಬ್ಬಿನ ಹಾಲಿನವನು ಗೋಣಿಚೀಲ ಮಡಿಚಿದ.

ಎಂಜಿನ್ ನಿಲ್ಲಿಸಿ ಇಳಿದ ನಮ್ಮ ಮನೆಯವರು ತಲೆ ಚಚ್ಚಿಕೊಂಡು ನಕ್ಕರು. "ಗಾಳಿ ಹಿಂದಿಂದ ಬಂದು ಬಿಸಿಯೆಲ್ಲ ಅಲ್ಲೇ ಸುತ್ತತಿತ್ತು! ಈಗ ಎದುರಿನ ಗಾಳಿ ನೇರ ಎಂಜಿನ್ನಿಗೆ! ಯವ್ವಾ, ಇಷ್ಟು ದಿನ ಮೂಡ್ಲಕ್ಕ ಮುಖ ಮಾಡಿಸಿದಾಕಿ ನೀನ!"

ಅತ್ತೆ ತಟ್ಟೆಯನ್ನೂ ಕೆಳಗಿಡಲಿಲ್ಲ. "ನಿಲ್ಲಸಾಕ ಹೇಳಿದ್ದೆಪಾ. ಹಾರಸಾಕ ನನ್ನ ಯಾವಾಗ ಕೇಳಿದ್ದಿ?"