ನಕ್ಷೆಯಲ್ಲಿದ್ದ ವೆಂಟಿಲೇಟರ್

ಗೊಂದಲದಲ್ಲಿ ಎರಡು ಬಗೆ ಇವೆ ಎಂಬುದು ನನ್ನ ಅನುಭವ. ಏನೂ ಗೊತ್ತಿಲ್ಲದವನಿಗೆ ಆಗುವುದು ಒಂದು. ಯಾರನ್ನಾದರೂ ಕೇಳಿದರೆ ಅದು ಹೋಗುತ್ತದೆ. ಎಲ್ಲ ಗೊತ್ತಿದೆ ಎಂದುಕೊಂಡವನಿಗೆ ಆಗುವುದು ಇನ್ನೊಂದು. ಅವನು ಕೇಳುವುದೂ ಇಲ್ಲ, ಅದು ಹೋಗುವುದೂ ಇಲ್ಲ. ನಾನು ಎರಡನೆಯ ಗುಂಪಿನವನು. ದಾವಣಗೆರೆಯ ಇಂಜಿನಿಯರರೊಬ್ಬರ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಮನೆಗಳ ನಕ್ಷೆ ಬರೆಯುವುದು ನನ್ನ ಕೆಲಸ. ಯಾವ ಬಡಾವಣೆಗೆ ಹೋದರೂ ನಾನು ಗೆರೆ ಎಳೆದ ಒಂದಾದರೂ ಮನೆ ಕಣ್ಣಿಗೆ ಬೀಳುತ್ತದೆ. ಹೀಗಿರುವಾಗ ನಮ್ಮ ಮನೆಯ ಬಚ್ಚಲಿಗೊಂದು ಗ್ಯಾಸ್ ಗೀಸರ್ ಹಾಕಿಸಲು ಇನ್ನೊಬ್ಬರ ಸಲಹೆ ನನಗೇಕೆ?

ಗೀಸರ್ ಬೇಕಾಗಿದ್ದು ಅವ್ವನಿಗೆ. ಬೆಳಗ್ಗೆ ಎದ್ದವಳೇ ಹೊಗೆಯಾಡುವಂಥ ನೀರಿನಲ್ಲಿ ಸ್ನಾನ ಮಾಡಿ, ಲಿಂಗಪೂಜೆ ಮುಗಿಸುವತನಕ ಅವಳು ಬಾಯಿಗೆ ಏನನ್ನೂ ಹಾಕುವುದಿಲ್ಲ. ಹಳೆಯ ಕರೆಂಟಿನ ಗೀಸರ್ ಒಂದೂವರೆ ಬಕೆಟ್ಟಿಗೇ ಸುಸ್ತಾಗುತ್ತಿತ್ತು. "ಬೆನ್ನಿಗೆ ಹಾಕ್ಕೊಂಡ್ರ ಕಾಲಿಗಿಲ್ಲ, ಕಾಲಿಗೆ ಹಾಕ್ಕೊಂಡ್ರ ಬೆನ್ನಿಗಿಲ್ಲ. ಇದೆಂಥಾ ಗೀಸರ್ರೋ ನಿಂದು?" ಎಂದು ಅವ್ವ ದಿನಾ ಬಯ್ಯುತ್ತಿದ್ದಳು. ಸರಿ, ಗ್ಯಾಸಿನದು ಬಂತು. ಅಂಗಡಿಯಿಂದ ಬಂದ ಫಿಟ್ಟರ್ ಬಚ್ಚಲಲ್ಲಿ ನಿಂತು, "ಒಳಗ ಹಾಕಬ್ಯಾಡ್ರಿ ಅಂತ ಕಂಪನಿಯೋರು ಹೇಳ್ತಾರ್ರಿ ಸರ್. ಇಲ್ಲಿ ವೆಂಟಿಲೇಟರ್ ಐತೇನ್ರಿ?" ಎಂದ. ನಾನು ಕಚೇರಿಯ ಗತ್ತಿನಲ್ಲೇ, "ಐತಪ್ಪ. ಎರಡು ಅಡಿಗೆ ಒಂದೂವರೆ ಅಡಿ. ನಾನೇ ಬರ್ದಿದೀನಿ. ನೀನು ಒಳಗೇ ಹಾಕು" ಎಂದೆ. ಅವನು ನಾಲ್ಕೂ ಗೋಡೆ ನೋಡಿದ, ನನ್ನ ಮುಖ ನೋಡಿದ. "ತಿಳಿದೋರು ನೀವು" ಎಂದು ಗೀಸರನ್ನು ಒಳಗೇ ಗೋಡೆಗೇರಿಸಿ ಹೊರಟುಹೋದ.

ಇಲ್ಲಿ ಒಂದು ತಪ್ಪೊಪ್ಪಿಗೆ. ವೆಂಟಿಲೇಟರ್ ಇದ್ದದ್ದು ನಿಜ, ಆದರೆ ನಕ್ಷೆಯಲ್ಲಿ. ಮನೆ ಕಟ್ಟುವಾಗ ನನ್ನ ಹೆಂಡತಿ ಗಿರಿಜೆ ಬಚ್ಚಲಿಗೆ ನವಿಲಿನ ಚಿತ್ರದ ಟೈಲ್ಸ್ ಆರಿಸಿದ್ದಳು. ಒಂದು ಇಡೀ ಗೋಡೆಗೆ ಒಂದೇ ನವಿಲು. ವೆಂಟಿಲೇಟರ್ ಸರಿಯಾಗಿ ಅದರ ಕುತ್ತಿಗೆಯ ಜಾಗಕ್ಕೆ ಬರುತ್ತಿತ್ತು. "ಕುತ್ತಿಗೆ ಇಲ್ಲದ ನವಿಲನ್ನ ದಿನಾ ಹೆಂಗ್ರಿ ನೋಡೋದು?" ಎಂದಳು. ನಾನೇ ಮೇಸ್ತ್ರಿಗೆ ಹೇಳಿ ಮುಚ್ಚಿಸಿದೆ. ಆದರೆ ನಕ್ಷೆಯಲ್ಲಿ ಅಳಿಸಲಿಲ್ಲ. ಹನ್ನೊಂದು ವರ್ಷದಲ್ಲಿ ಗೋಡೆ ನನಗೆ ಮರೆತೇಹೋಗಿ, ನೆನಪಿನಲ್ಲಿ ನಕ್ಷೆ ಮಾತ್ರ ಉಳಿದಿತ್ತು.

ಹೊಸ ಗೀಸರ್ ಬಂದ ಮೇಲೆ ಅವ್ವನ ಪೂಜೆಯ ರೀತಿಯೇ ಬದಲಾಯಿತು. ಮೊದಲೆಲ್ಲ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕೂತವಳು ಅರೆಗಣ್ಣು ತೆರೆದು, "ಗಿರಿಜಾ, ಹಾಲು ಉಕ್ತೈತೆ ನೋಡೇ!" ಎಂದು ಕೂಗುತ್ತಿದ್ದಳು. ಈಗ ಮಾತಿಲ್ಲ, ಕತೆಯಿಲ್ಲ. ಕಣ್ಣು ಮುಚ್ಚಿ ಕೂತರೆ ಮೆಲ್ಲಗೆ ತೂಗುತ್ತಿದ್ದಳು. ಹಾಲು ಉಕ್ಕಿ ಒಲೆಯೆಲ್ಲ ತೊಳೆದರೂ ಪರಿವೆಯಿಲ್ಲ. ತಿಂಡಿಯೂ ಬೇಡ. ಕೇಳಿದರೆ, "ಮನಸು ನಿಂತು ಬಿಡತೈತಪ್ಪ. ತಲೆ ಗಿರ್ ಅಂತೈತೆ, ಎಲ್ಲೋ ಹೋದಂಗಾಗತೈತೆ" ಎನ್ನುತ್ತಿದ್ದಳು. ನಮಗೋ ಮೈ ಜುಮ್ಮೆಂದಿತು. ಗಿರಿಜೆ ದಿನಾ ಅತ್ತೆಯ ಕಾಲಿಗೆ ಬೀಳತೊಡಗಿದಳು. ನಾನು ಕಚೇರಿಯಲ್ಲೂ ಹೇಳಿಕೊಂಡು ಬೀಗಿದೆ. ಸುಳ್ಳೇಕೆ, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಒಂದು ಭಾನುವಾರ ನಾನೂ ಬಾಗಿಲು ಹಾಕಿಕೊಂಡು ಅರ್ಧ ತಾಸು ಮಿಂದು ಪೂಜೆಗೆ ಕೂತೆ. ನನಗೆ ತಲೆನೋವು ಮಾತ್ರ ಬಂತು. ನನ್ನ ಭಕ್ತಿಯೇ ಅಷ್ಟು ಎಂದು ಸುಮ್ಮನಾದೆ.

ಅಷ್ಟರಲ್ಲಿ ಒಂದು ಮದುವೆಗೆಂದು ಹರಿಹರದಿಂದ ಗಿರಿಜೆಯ ಸೋದರಮಾವ ಸಿದ್ದಪ್ಪನವರು ಬಂದು ನಮ್ಮಲ್ಲೇ ಉಳಿದರು. ಅಲ್ಲಿನ ಕಾರ್ಖಾನೆಯೊಂದರಲ್ಲಿ ಫಿಟ್ಟರಾಗಿದ್ದು ನಿವೃತ್ತರಾದವರು. ಮಿಕ್ಸಿ ತಿರುಗಿದರೂ ಕಿವಿಗೊಟ್ಟು ಕೇಳುವ ಮನುಷ್ಯ. ಬೆಳಗ್ಗೆ ತೂಗುತ್ತಾ ಕೂತ ಅವ್ವನನ್ನು ನಾನು ಹೆಮ್ಮೆಯಿಂದ ತೋರಿಸಿದೆ. ಅವರು ಕೈ ಮುಗಿಯಲಿಲ್ಲ. ಹತ್ತಿರ ಹೋಗಿ, "ಅಕ್ಕಾರೆ, ಹಿಂಗಾಗೋದು ಸ್ನಾನಕ್ಕ ಮುಂಚೇನೋ, ಆದಮ್ಯಾಲೋ?" ಎಂದು ಕೇಳಿದರು.

"ಆದಮ್ಯಾಲೇ ನೋಡ್ರಿ. ಮೈ ಶುದ್ಧ ಆಗ್ಬೇಕಲ್ಲ" ಎಂದಳು ಅವ್ವ.

ಮಾವ ನೆಟ್ಟಗೆ ಬಚ್ಚಲಿಗೆ ಹೋದರು. ಒಳಗಿಂದ ಕೂಗು ಬಂತು: "ಅಳಿಯಂದ್ರೆ, ಇದಕ್ಕ ವೆಂಟಿಲೇಟರ್ ಎಲ್ಲೈತ್ರಿ?"

ನಾನು ಏನು ಮಾಡಿದೆ ಎಂದು ಹೇಳಲು ಈಗಲೂ ನಾಚಿಕೆ. ಬೀರುವಿನಿಂದ ನಕ್ಷೆ ತಂದು, ಸುರುಳಿ ಬಿಚ್ಚಿ, ಬೆರಳಿಟ್ಟು ತೋರಿಸಿದೆ. ಮಾವ ನಕ್ಷೆ ನೋಡಿದರು, ನವಿಲನ್ನು ನೋಡಿದರು. "ಹೊಗೆ ಈ ಕಾಗದದಾಗ ಹಾದು ಹೋಗತೈತೇನ್ರಿ?" ಎಂದರು. ಆಮೇಲೆ ದನಿ ತಗ್ಗಿಸಿ, "ಅದು ಭಕ್ತಿ ಅಲ್ರಿ, ಗ್ಯಾಸು. ಮುಚ್ಚಿದ ಜಾಗದಾಗ ಉರಿದ್ರ ವಿಷದ ಗಾಳಿ ಆಗತೈತೆ. ಕಣ್ಣಿಗೆ ಕಾಣಲ್ಲ, ವಾಸ್ನೆ ಬರಲ್ಲ. ಇನ್ನೆರಡು ಬಕೆಟ್ ಹಾಕ್ಕೊಂಡಿದ್ರ ಅಕ್ಕಾರು ಹೊರಗ ಬರ್ತಿರ್ಲಿಲ್ಲ" ಎಂದರು. ಅವ್ವನನ್ನು ಆಗಲೇ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರು ಏನೂ ಅಪಾಯವಿಲ್ಲ ಎನ್ನುವವರೆಗೂ ನಾನು ಯಾರ ಮುಖವನ್ನೂ ನೋಡಲಿಲ್ಲ.

ಮಾರನೆಯ ದಿನ ಮಾವ ಮದುವೆ ಬಿಟ್ಟು ಗೀಸರಿಗೆ ಕೈ ಹಾಕಿದರು. ನನ್ನ ಗೊಂದಲ ಶುರುವಾದದ್ದು ಆಗ. ಮಾವ ಹೇಳಿದ ಪ್ರಕಾರ ಗೀಸರ್ ಹೊರಗಿರಬೇಕು, ಬಿಸಿನೀರಿನ ಪೈಪು ಮಾತ್ರ ಒಳಗೆ ಬರಬೇಕು. ಹಿತ್ತಲ ಗೋಡೆಯಲ್ಲಿ ನಾನು ಗುರುತು ಮಾಡಿಕೊಟ್ಟ ಜಾಗ ಬೇಡ, ಅದು ಈಗ ಒಡೆದು ತೆರೆಯಬೇಕಾದ ವೆಂಟಿಲೇಟರಿನ ಕೆಳಗೆ ಬರುತ್ತದೆ, ಹೊಗೆ ವಾಪಸು ಒಳಗೇ ಬರುತ್ತದೆ. ಮಳೆ ತಾಗಬಾರದು, ಗಾಳಿ ಮಾತ್ರ ಆಡಬೇಕು. ಸಿಲಿಂಡರ್ ಮಲಗಿಸಬಾರದು. ಗ್ಯಾಸ್ ಸೋರುತ್ತದೋ ಎಂದು ಕಡ್ಡಿ ಗೀರಿ ನೋಡಲು ಹೊರಟ ನನ್ನ ಕೈಯಿಂದ ಬೆಂಕಿಪೊಟ್ಟಣ ಕಿತ್ತುಕೊಂಡು, ಸಾಬೂನಿನ ನೊರೆ ಹಚ್ಚಿ ಗುಳ್ಳೆ ಏಳುವುದೇ ಎಂದು ನೋಡಿದರು. "ಮಾವ, ಗೀಸರ್ರೇ ಹೊರಗೆ ಹೋದಮೇಲೆ ಒಳಗೆ ವೆಂಟಿಲೇಟರ್ ಯಾಕ್ರಿ?" ಎಂದು ಕೇಳಿದೆ. "ಒಳಗ ಮನುಷ್ಯರು ಇರ್ತಾರಲ್ರಿ" ಎಂದರು. ನವಿಲಿನ ಕುತ್ತಿಗೆ ಒಡೆಯಲು ಗಿರಿಜೆಯೇ ಉಳಿ ಸುತ್ತಿಗೆ ತಂದುಕೊಟ್ಟಳು.

ಎರಡು ದಿನ ಬಿಟ್ಟು, ಗಂಡಹೆಂಡಿರಿಬ್ಬರೂ ಉಸಿರು ಬಿಗಿಹಿಡಿದು ಪೂಜೆಯ ಕೋಣೆಯ ಹೊರಗೆ ನಿಂತಿದ್ದೆವು. ಒಳಗೆ ತುಂಬ ಹೊತ್ತು ಸದ್ದಿಲ್ಲ. ಆಮೇಲೆ, "ಗಿರಿಜಾ, ಹಾಲು ಉಕ್ತೈತೆ ನೋಡೇ! ಇಬ್ರೂ ಅಲ್ಲೇನು ಮಾಡ್ತೀರಿ?" ಎಂಬ ಗದರಿಕೆ ಬಂತು. ನನಗೆ ಕಣ್ಣು ತುಂಬಿ ಬಂತು. ಅವ್ವ ಮಾತ್ರ, "ಆ ಗೀಸರ್ರೇ ಚಲೋ ಇತ್ತು, ಪೂಜೆಗೆ ಮನಸು ನಿಲ್ತಿತ್ತು" ಎಂದು ಈಗಲೂ ಗೊಣಗುತ್ತಾಳೆ.

ಹೊರಡುವಾಗ ಮಾವ ಕೇಳಿದ ಒಂದು ಮಾತು ನನ್ನನ್ನು ಬಿಟ್ಟಿಲ್ಲ: "ಇಂಥಾ ಮನೆ ಎಷ್ಟು ಬರ್ದೀರಿ ಅಳಿಯಂದ್ರೆ?" ಅಂದಿನಿಂದ ನಾನು ಯಾವ ಗೃಹಪ್ರವೇಶಕ್ಕೆ ಹೋದರೂ ಮೊದಲು ಬಚ್ಚಲಿಗೆ ಹೋಗುತ್ತೇನೆ. ನನಗೆ ಹೊಟ್ಟೆಯ ತೊಂದರೆ ಇದೆ ಎಂದು ಊರಲ್ಲಿ ಸುದ್ದಿಯಾಗಿದೆ. ಪಂಕ್ತಿಯಲ್ಲಿ ನನ್ನ ಎಲೆಗೆ ಹೋಳಿಗೆ ತಪ್ಪಿಸಿ ಮಜ್ಜಿಗೆ ಬಡಿಸುತ್ತಾರೆ. ಮೊನ್ನೆ ಆವರಗೆರೆಯಲ್ಲಿ ನಾನೇ ನಕ್ಷೆ ಬರೆದ ಮನೆಯೊಂದರ ಬಚ್ಚಲಲ್ಲಿ ತುಂಬ ಹೊತ್ತು ನಿಂತುಬಿಟ್ಟೆ. ಯಜಮಾನರು ಗಾಬರಿಯಾಗಿ ಬಾಗಿಲು ಬಡಿದು, "ಸರ್, ಆರಾಮ ಇದೀರೇನ್ರಿ?" ಎಂದು ಕೂಗಿದರು. ಎರಡು ಅಡಿಗೆ ಒಂದೂವರೆ ಅಡಿ ಎಂದು ನಾನು ಬರೆದಿದ್ದ ಜಾಗದಲ್ಲಿ, ಟೈಲ್ಸಿನ ಮೇಲೆ, ಎರಡು ಹಂಸಗಳು ಈಜುತ್ತಿದ್ದವು.