ಖಾಲಿ ಹೊಟ್ಟೆಯ ಕಬ್ಬಿಣ

ಕರಡು ತಿದ್ದುವ ಕೆಲಸದಲ್ಲಿದ್ದೂ ದಿನಾ ಮಧ್ಯಾಹ್ನ ಕರಡಿನ ಮೇಲೆಯೇ ತಲೆಯಿಟ್ಟು ಮಲಗುತ್ತಿದ್ದವಳಿಗೆ ಮುದ್ರಣಾಲಯದ ಮ್ಯಾನೇಜರ್ ಖಡಾಖಂಡಿತ ಹೇಳಿದ್ದರು: "ಇನ್ನೊಂದು ಸಲ ತೂಕಡಿಸಿದ್ರೆ ಗೋದಾಮಿಗೆ ಹಾಕ್ತೀನಿ. ಅಲ್ಲಿ ಇಲಿಗಳ ಜೊತೆ ಮಲಗಿ." ರಕ್ತದಲ್ಲಿ ಕಬ್ಬಿಣ ಕಮ್ಮಿ, ಅದಕ್ಕೇ ಸುಸ್ತು ಎಂದು ಡಾಕ್ಟರು ಮಾತ್ರೆ ಕೊಟ್ಟಿದ್ದರು.

ಬೆಳಿಗ್ಗೆ ಮೊದಲ ಮಾತ್ರೆ ಇನ್ನೇನು ಬಾಯಿಗೆ ಬೀಳಬೇಕು, ಎದುರಿನ ಮೇಜಿನಿಂದ ಒಂದು ಕೈ ಅಡ್ಡ ಬಂತು. ಆರೋಗ್ಯದ ಪುಸ್ತಕಗಳ ಕರಡು ತಿದ್ದಿ ತಿದ್ದಿ ಅರ್ಧ ವೈದ್ಯನಾಗಿದ್ದ ಸಹೋದ್ಯೋಗಿಯ ಕೈ ಅದು. ಎಲ್ಲರೂ ಅವನನ್ನು ಪ್ರೋಟೀನ್ ಮಾಮ ಎನ್ನುತ್ತಿದ್ದರು.

"ಈಗ ತಾನೇ ಚಹಾ ಕುಡಿದ್ರಲ್ಲಮ್ಮ. ಅದರ ಟ್ಯಾನಿನ್ ಕಬ್ಬಿಣದ ಜುಟ್ಟು ಹಿಡ್ಕೊಂಡು ಹೊರಗೇ ನಿಲ್ಲಿಸತ್ತೆ. ಒಂದು ಗಂಟೆ ತಡೀರಿ."

ತಡೆದಳು. ಅಷ್ಟರಲ್ಲಿ ಪುಟ ಜೋಡಿಸುವ ಅಕ್ಕ ಒಂದು ಲೋಟ ಹಾಲು ತಂದಳು. "ಇದರಲ್ಲಿ ನುಂಗು ಕಣೇ, ಉಷ್ಣ ಆಗಲ್ಲ."

ಮಾಮ ಎದ್ದೇ ನಿಂತ. "ಹಾಲಾ? ಕ್ಯಾಲ್ಸಿಯಂ, ಕಬ್ಬಿಣ ಎರಡೂ ಕರುಳಲ್ಲಿ ಒಂದೇ ಬಾಗಿಲಿಗೆ ನುಗ್ಗತ್ವೆ, ಬಸ್ಸಲ್ಲಿ ಸೀಟು ಹಿಡಿಯೋರ ಥರ. ಕ್ಯಾಲ್ಸಿಯಂ ಮೊಣಕೈಲಿ ತಿವಿದ್ರೆ ಪಾಪ, ಕಬ್ಬಿಣ ರಸ್ತೆಗೆ."

"ನಮ್ಮಜ್ಜಿ ಹಾಲಲ್ಲೇ ನುಂಗಿ ತೊಂಬತ್ತು ವರ್ಷ ಬದುಕಿದ್ಲು."

"ಬದುಕಿದ್ದು ಅಜ್ಜಿ. ಮಾತ್ರೆ ಅಲ್ಲ."

ಊಟದ ಹೊತ್ತಿಗೆ ಅವಳು ಡಬ್ಬಿ ತೆರೆದಳು. ಒಳಗಿದ್ದ ಕಾಳು ನೋಡಿ ಮಾಮ ತಲೆಯಾಡಿಸಿದ. "ಕಾಳಲ್ಲಿರೋ ಫೈಟೇಟ್ ಅನ್ನೋ ಅಂಶ ಕಬ್ಬಿಣಾನ ಅಪ್ಪಿಕೊಂಡ್ರೆ ಬಿಡಲ್ಲ. ಮೊದಲು ನಿಂಬೆರಸದಲ್ಲಿ ಮಾತ್ರೆ ನುಂಗಿ. ವಿಟಮಿನ್ ಸಿ ಕೈ ಹಿಡಿದು ಒಳಗೆ ಕರ್ಕೊಂಡು ಹೋಗತ್ತೆ."

"ಖಾಲಿ ಹೊಟ್ಟೆಗೆ ಹುಳಿಯಾ? ಅವಳ ಕರುಳು ಸುಟ್ಟು ಹಾಕ್ಬೇಕು ಅಂತಿದ್ದೀರಾ?" ಅಕ್ಕ ಡಬ್ಬಿಯ ಮುಚ್ಚಳ ಹಾಕಿ, ಜಗಳಕ್ಕೆ ಕುರ್ಚಿ ಎಳೆದುಕೊಂಡಳು.

ಇಬ್ಬರಲ್ಲಿ ಒಬ್ಬರನ್ನೂ ಎದುರು ಹಾಕಿಕೊಳ್ಳುವ ಧೈರ್ಯ ಅವಳಿಗಿರಲಿಲ್ಲ. ತೀರ್ಪು ಬರಲಿ ಎಂದು ಊಟವನ್ನೂ ಬಿಟ್ಟು, ಮಾತ್ರೆಯನ್ನು ಮುಷ್ಟಿಯಲ್ಲಿಟ್ಟುಕೊಂಡೇ ಕರಡು ತಿದ್ದತೊಡಗಿದಳು. ಹೊಟ್ಟೆಯೊಳಗೆ ಹಸಿವು ತಮಟೆ ಬಾರಿಸುತ್ತಿದ್ದರೆ ನಿದ್ದೆ ಎಲ್ಲಿಂದ ಬಂದೀತು? ಸಂಜೆ ಐದಕ್ಕೆ ಕರಡಿನ ರಾಶಿ ಮುಗಿದಿತ್ತು. ಜಗಳ ಮುಗಿದಿರಲಿಲ್ಲ.

ಮ್ಯಾನೇಜರ್ ಬಂದು ರಾಶಿ ನೋಡಿದರು, ಅವಳ ಅರಳಿದ ಕಣ್ಣು ನೋಡಿದರು.

"ಒಂದೇ ಮಾತ್ರೆಗೆ ಇಷ್ಟು ಗುಣವಾ?"

"ಸಾರ್, ನಾನು ಮಾತ್ರೆ..."

"ಹಾಲು ತಂದುಕೊಟ್ಟಿದ್ದು ನಾನು ಸಾರ್," ಎಂದಳು ಅಕ್ಕ.

"ನಿಂಬೆರಸ ಹೇಳಿದ್ದು ನಾನು," ಎಂದ ಮಾಮ.

ಅವಳು ಮುಷ್ಟಿಯಲ್ಲಿದ್ದ ಮಾತ್ರೆಯನ್ನು ಬೆನ್ನ ಹಿಂದೆ ಅಡಗಿಸಿದಳು. ಉಪವಾಸವೇ ಮದ್ದು ಎಂದು ಗೊತ್ತಾದರೆ ಈ ಮನುಷ್ಯ ಊಟದ ಬಿಡುವನ್ನೇ ತೆಗೆದುಹಾಕಿಯಾರು. ಹೇಗೂ ಗೋದಾಮು ತಪ್ಪಿತಲ್ಲ.

"ತುಂಬಾ ಸಂತೋಷ," ಎಂದರು ಮ್ಯಾನೇಜರ್. "ಈ ಮಾಮ ಬೆಳಿಗ್ಗೆಯಿಂದ ಒಂದು ಪುಟಾನೂ ತಿದ್ದಿಲ್ಲ. ನಾಳೆಯಿಂದ ಇವರ ಕರಡೂ ನೀವೇ ನೋಡಿ. ಮಾತ್ರೆ ಮಾತ್ರ ಮರೀಬೇಡಿ. ಇವತ್ತು ಹೇಗೆ ತಗೊಂಡ್ರೋ, ದಿನಾ ಹಾಗೇ ತಗೊಳ್ಳಿ."